ಅಗುಳು ಮೆತ್ತಿದ ಕಾಗದ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಿಂದ ಹೋಗುವ ಅಂಚೆಯಲ್ಲಿ ಎರಡು ಬಗೆ ಇತ್ತು. ಮಳೆ ಬಂತು, ಹಸು ಕರು ಹಾಕಿತು, ಬುಧವಾರ ಬರುತ್ತೇವೆ ಅನ್ನುವಂಥ ಸುದ್ದಿಗೆಲ್ಲ ಕಾರ್ಡು. ಕಾರ್ಡನ್ನು ಪೋಸ್ಟ್‌ಮ್ಯಾನ್ ಓದುತ್ತಿದ್ದರು, ದಾರಿಯಲ್ಲಿ ಸಿಕ್ಕವರಿಗೆ ಹೇಳುತ್ತಲೂ ಇದ್ದರು. ಅದಕ್ಕೆ ಯಾರೂ ಬೇಜಾರು ಮಾಡಿಕೊಂಡದ್ದಿಲ್ಲ. ಆದರೆ ಮದುವೆಯಾಗಿ ಹೋದ ಅಕ್ಕನಿಗೆ ಬರೆಯುವಾಗ ಮಾತ್ರ ಅಮ್ಮ ನೀಲಿ ಇನ್‌ಲ್ಯಾಂಡ್ ಲೆಟರನ್ನೇ ತರಿಸುತ್ತಿದ್ದಳು. ಅದರ ಅಂಚಿಗೆ ಅಂಟು ಇರುತ್ತಿತ್ತು. ಅಮ್ಮನಿಗೆ ಆ ಅಂಟಿನ ಮೇಲೆ ನಂಬಿಕೆ ಸಾಲದು. ಅನ್ನದ ಪಾತ್ರೆಯಿಂದ ನಾಲ್ಕು ಅಗುಳು ತೆಗೆದು, ಹೆಬ್ಬೆರಳಲ್ಲಿ ಹಿಸುಕಿ, ಅಂಚಿನುದ್ದಕ್ಕೂ ಮೆತ್ತಿ, ಮೇಲೆ ಪಂಚಾಂಗ ಹೇರಿ ಇಡುತ್ತಿದ್ದಳು.

ಕೆಲವು ವರ್ಷದ ಮೇಲೆ ಅಕ್ಕನ ಅತ್ತೆ ಮನೆಗೆ ಫೋನು ಬಂತು. ಇಟ್ಟದ್ದು ಪಡಸಾಲೆಯಲ್ಲಿ, ಅವಳ ಮಾವನವರು ಕೂರುವ ಕುರ್ಚಿಯ ಪಕ್ಕ. ಅಂದಿನಿಂದ ಅಕ್ಕನ ಮಾತು ಮೂರಕ್ಕೆ ಇಳಿಯಿತು: "ಹ್ಞೂ", "ಚೆನ್ನಾಗಿದೀನಮ್ಮ", "ಇಡ್ತೀನಿ". ಕಾಗದದಲ್ಲಾದರೆ ಮೂಲೆ ಮೂಲೆಗೂ ಸಣ್ಣಕ್ಷರದಲ್ಲಿ ತುಂಬಿಸುತ್ತಿದ್ದವಳು. ಅವಳ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲ. ಪಕ್ಕದಲ್ಲಿ ಒಂದು ಕಿವಿ ಇತ್ತು, ಅಷ್ಟೆ.

ನಮ್ಮ ಸಂವಿಧಾನದ ಎರಡು ಹಕ್ಕುಗಳ ಬಗ್ಗೆ ಮಾತಾಡಬೇಕೆಂದಾಗ ನನಗೆ ಮೊದಲು ನೆನಪಾದದ್ದು ಆ ಪಡಸಾಲೆ. ಮಾತಿನ ಹಕ್ಕು 19ನೇ ವಿಧಿಯಲ್ಲಿ ಕಪ್ಪು ಬಿಳುಪಿನಲ್ಲೇ ಬರೆದಿದೆ. ಖಾಸಗಿತನ ಎಂಬ ಮಾತು ಮಾತ್ರ ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ ಎಲ್ಲಿ ಹುಡುಕಿದರೂ ಸಿಗದು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿಯೊಳಗೆ ಅದು ಅಡಗಿದೆ ಎಂದು ಒಪ್ಪಿಸುವುದಕ್ಕೆ ಅರವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಆ ಕಥೆ ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮನೆ ಬಾಗಿಲಲ್ಲಿ ನಿಂತು ಕೇಳುವಂಥದು. ದರೋಡೆ ಪ್ರಕರಣವೊಂದರಲ್ಲಿ ಅವನನ್ನು ಹಿಡಿದಿದ್ದರು, ಸಾಕ್ಷ್ಯವಿಲ್ಲವೆಂದು ಬಿಟ್ಟರು. ಬಿಟ್ಟರೂ ಪೊಲೀಸರು ಅವನ ಹೆಸರಲ್ಲಿ ಹಿಸ್ಟರಿ ಶೀಟ್ ತೆರೆದರು. ನಮ್ಮ ಕಡೆ ರೌಡಿ ಶೀಟ್ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಅಲ್ಲಿಂದ ಶುರುವಾಯಿತು ನೋಡಿ: ಮನೆಯ ಸುತ್ತ ಗುಟ್ಟಾಗಿ ಕಾವಲು, ಊರು ಬಿಟ್ಟರೆ ಎಲ್ಲಿಗೆ ಹೋದ ಎಂಬ ವಿಚಾರಣೆ. ರಾತ್ರಿ ಕಾನ್‌ಸ್ಟೇಬಲ್ ಬಂದು ಬಾಗಿಲು ಬಡಿಯುವುದು, ನಿದ್ದೆಯಿಂದ ಎಬ್ಬಿಸುವುದು, ಮನೆಯಲ್ಲೇ ಇದ್ದಾನೋ ಇಲ್ಲವೋ ಎಂದು ನೋಡಿಕೊಂಡು ಹೋಗುವುದು. ಅವನು ಸುಪ್ರೀಂ ಕೋರ್ಟ್‌ಗೆ ಹೋದ. 1962ರ ಡಿಸೆಂಬರ್ 18ರಂದು ತೀರ್ಪು ಬಂತು. ಆರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ರಾತ್ರಿ ಬಾಗಿಲು ಬಡಿಯುವುದು ತಪ್ಪು, ಉಳಿದ ಕಣ್ಗಾವಲು ನಡೆಯಲಿ, ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದರು.

ಉಳಿದಿಬ್ಬರಲ್ಲಿ ಒಬ್ಬರಾದ ನ್ಯಾಯಮೂರ್ತಿ ಸುಬ್ಬರಾವ್ ಅವರು ಒಪ್ಪಲಿಲ್ಲ. ಇನ್ನೊಬ್ಬರಾದ ನ್ಯಾಯಮೂರ್ತಿ ಷಾ ಅವರ ಜೊತೆಗೆ ನಿಂತರು. ಸುಬ್ಬರಾವ್ ಅವರ ಭಿನ್ನ ತೀರ್ಪಿನಲ್ಲಿ ಒಂದು ಜಾಗವಿದೆ, ನಾನು ಅದನ್ನು ಹಲವು ಸಲ ಓದಿದ್ದೇನೆ. ಜೈಲಿನಲ್ಲಿರುವ ಕೈದಿಯನ್ನು ನೋಡಲು ಹೆಂಡತಿಯೋ ಮಗನೋ ಗೆಳೆಯನೋ ಬರುತ್ತಾರೆ. ಕಾವಲುಗಾರ ಅಲ್ಲೇ ನಿಂತಿರುತ್ತಾನೆ. ಕೈದಿ ಮಾತಾಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಅವನಿಗೆ ಪೂರ್ತಿ ವಾಕ್ ಸ್ವಾತಂತ್ರ್ಯ ಇದೆ ಅನ್ನಲಾದೀತೆ? ಮನಸ್ಸಿನೊಳಗಿನದನ್ನು ಅವನು ಬಿಚ್ಚಿಡಬಲ್ಲನೆ? ಸುಬ್ಬರಾವ್ ಅವರ ವಾದದ ಹುರುಳು ಇದು. ಹಾಗಾಗಿ ಕಣ್ಗಾವಲಿನ ಆ ನಿಯಮವೆಲ್ಲ 21ನೇ ವಿಧಿಗಷ್ಟೇ ಅಲ್ಲ, ಮಾತಿನ ಹಕ್ಕಿಗೂ ವಿರುದ್ಧ ಎಂದು ಅವರು ಬರೆದರು. ಅಕ್ಕನ ಫೋನು ಯಾಕೆ ಮೂರು ಮಾತಿಗೆ ನಿಂತಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಮುಂದಿನದು ನಮ್ಮ ಬೆಂಗಳೂರಿಗೆ ಹತ್ತಿರದ್ದು. 'ಕದ್ದಾಲಿಕೆ' ಎಂಬ ಪದವನ್ನು ಕನ್ನಡ ಪತ್ರಿಕೆ ಓದುವವರಿಗೆಲ್ಲ ಬಾಯಿಪಾಠ ಮಾಡಿಸಿದ ವರ್ಷ 1988. ಫೋನ್ ಕದ್ದಾಲಿಕೆಯ ಆರೋಪದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಪದ ಎಷ್ಟು ಚೆನ್ನಾಗಿದೆ ನೋಡಿ: ಕದಿಯುವುದೂ ಅದರಲ್ಲೇ, ಆಲಿಸುವುದೂ ಅದರಲ್ಲೇ. ಫೋನ್ ಕೇಳಿಸಿಕೊಳ್ಳಲು ಸರ್ಕಾರಗಳು ಹಿಡಿದಿದ್ದ ಅಧಿಕಾರ 1885ರ ಟೆಲಿಗ್ರಾಫ್ ಕಾಯ್ದೆಯದು, ಬ್ರಿಟಿಷರ ಕಾಲದ್ದು. ಅದಕ್ಕೆ ಲಗಾಮು ಬಿದ್ದದ್ದು 1996ರಲ್ಲಿ, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಅರ್ಜಿಯ ಮೇಲೆ. ಫೋನಿನಲ್ಲಿ ಮಾತಾಡುವವನು ವಾಕ್ ಸ್ವಾತಂತ್ರ್ಯವನ್ನೂ ಚಲಾಯಿಸುತ್ತಿದ್ದಾನೆ, ಖಾಸಗಿತನವನ್ನೂ ಅನುಭವಿಸುತ್ತಿದ್ದಾನೆ ಎಂದು ಸುಪ್ರೀಂ ಕೋರ್ಟ್ ಎರಡನ್ನೂ ಸೇರಿಸಿ ಹೇಳಿತು. ಆದೇಶ ಗೃಹ ಕಾರ್ಯದರ್ಶಿ ಮಟ್ಟದಿಂದ ಬರಬೇಕು, ಎರಡು ತಿಂಗಳಿಗೆ ಮುಗಿಯಬೇಕು, ಮುಂದುವರಿಸಿದರೂ ಆರು ತಿಂಗಳು ಮೀರಬಾರದು, ಪರಿಶೀಲನಾ ಸಮಿತಿ ಇರಬೇಕು. ಆ ತೀರ್ಪಿನ ತಾರೀಕೂ ಡಿಸೆಂಬರ್ 18. ಖರಕ್ ಸಿಂಗ್ ತೀರ್ಪಿಗೆ ಸರಿಯಾಗಿ 34 ವರ್ಷ. ಕಾಕತಾಳೀಯವೇ ಇರಬೇಕು. ಪರಿಶೀಲನಾ ಸಮಿತಿಯಲ್ಲಿ ಕೂರುವವರೂ ಸರ್ಕಾರದ ಅಧಿಕಾರಿಗಳೇ ಎಂಬುದು ಮಾತ್ರ ನನ್ನ ತಕರಾರು. ಬೇಲಿಯ ಕಾವಲಿಗೆ ಬೇಲಿಯನ್ನೇ ಇಟ್ಟಂತೆ.

ಬರೀ ಮಾತಿನ ಹಕ್ಕಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸಂವಿಧಾನ ಜಾರಿಯಾಗಿ ನಾಲ್ಕು ತಿಂಗಳಿಗೇ, 1950ರ ಮೇ ತಿಂಗಳಲ್ಲಿ, ಮುಂಬಯಿಯ 'ಕ್ರಾಸ್ ರೋಡ್ಸ್' ವಾರಪತ್ರಿಕೆ ತನ್ನ ಗಡಿಯೊಳಗೆ ಬರಕೂಡದೆಂದ ಮದ್ರಾಸ್ ಸರ್ಕಾರದ ಆದೇಶವನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಮರುವರ್ಷವೇ ಮೊದಲ ತಿದ್ದುಪಡಿ ಬಂತು. ಸಾರ್ವಜನಿಕ ಸುವ್ಯವಸ್ಥೆಯಂಥ ಹೊಸ ಕಾರಣಗಳು 19(2)ರಲ್ಲಿ ಸೇರಿದವು. ಜೊತೆಗೆ ನಿರ್ಬಂಧ 'ಸಮಂಜಸ'ವಾಗಿರಬೇಕು ಎಂಬ ಒಂದು ಪದವೂ ಬಂತು. ಅಂದಿನಿಂದ ಇಂದಿನವರೆಗೆ ವಕೀಲರ ಹೊಟ್ಟೆ ತುಂಬಿಸಿದ್ದು ಆ ಒಂದು ಪದ. 2012ರಲ್ಲಿ ಮುಂಬಯಿ ಹತ್ತಿರದ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಬಂಧಿಸಿದ್ದು ನಿಮಗೆ ನೆನಪಿರಬಹುದು. ಒಬ್ಬಳು ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದಿದ್ದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದ್ದಳು. ಅಂಥ ಬಂಧನಗಳಿಗೆ ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಪ್ರಕಾರ, ಸುಳ್ಳು ಸಂದೇಶ ಕಳಿಸಿ 'ಕಿರಿಕಿರಿ' ಮಾಡಿದರೂ ಮೂರು ವರ್ಷ ಜೈಲಾಗಬಹುದಿತ್ತು. ಯಾರಿಗೆ ಯಾವುದು ಕಿರಿಕಿರಿ ಎಂದು ಅಳೆಯುವ ಸೇರು ಯಾರ ಬಳಿಯೂ ಇರಲಿಲ್ಲ. 2015ರ ಮಾರ್ಚ್ 24ರಂದು ಕೋರ್ಟ್ ಆ ಸೆಕ್ಷನ್ ರದ್ದು ಮಾಡಿತು. ರದ್ದಾದ ಸೆಕ್ಷನ್ನಿನಡಿ ಪೊಲೀಸ್ ಠಾಣೆಗಳು ಆಮೇಲೂ ಕೇಸು ಬರೆಯುತ್ತಲೇ ಇದ್ದವು, 2022ರಲ್ಲಿ ಕೋರ್ಟ್ ಮತ್ತೆ ಗದರಿಸಬೇಕಾಯಿತು. ದೆಹಲಿಯ ತೀರ್ಪು ಠಾಣೆಯ ಮೇಜಿಗೆ ನಡೆದುಕೊಂಡೇ ಬರುತ್ತದೇನೋ.

ಮತ್ತೆ ಖಾಸಗಿತನಕ್ಕೆ ಬರೋಣ. 2012ರಲ್ಲಿ ಬೆಂಗಳೂರಿನಲ್ಲಿ 86 ವರ್ಷದ ಒಬ್ಬ ಹಿರಿಯರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಗ ಆಧಾರ್‌ಗೆ ಕಾನೂನೇ ಇರಲಿಲ್ಲ. ಜನರ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುತ್ತಿದ್ದದ್ದು ಸರ್ಕಾರಿ ಆದೇಶದ ಬಲದಲ್ಲಿ. 2015ರಲ್ಲಿ ಸರ್ಕಾರದ ಪರವಾಗಿ ಅಟಾರ್ನಿ ಜನರಲ್ ಎದ್ದು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದರು. ಅದಕ್ಕೆ ಆಧಾರ ಯಾವುದು? 1954ರ ಎಂಟು ನ್ಯಾಯಮೂರ್ತಿಗಳ ಒಂದು ತೀರ್ಪು, ಜೊತೆಗೆ ನಮ್ಮ ಖರಕ್ ಸಿಂಗನ ತೀರ್ಪು. ಎಂಟು ಜನರ ಮಾತನ್ನು ಮೀರಬೇಕಾದರೆ ಒಂಬತ್ತು ಜನ ಕೂರಬೇಕು. ಕೂತರು. ಆ ಒಂಬತ್ತರಲ್ಲಿ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತು ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಬಿಡುಗಡೆ ಕೇಳಿ ಕೋರ್ಟಿಗೆ ಹೋಗುವಂತಿಲ್ಲ ಎಂದು ತಂದೆ ವೈ. ವಿ. ಚಂದ್ರಚೂಡ್ ಒಪ್ಪಿದ್ದ ತೀರ್ಪನ್ನು ಮಗ ಡಿ. ವೈ. ಚಂದ್ರಚೂಡ್ ತಪ್ಪೆಂದು ಬರೆದದ್ದೂ ಇದೇ ತೀರ್ಪಿನಲ್ಲಿ. ಸರ್ಕಾರ ನಮ್ಮ ಗುಟ್ಟಿಗೆ ಕೈ ಹಾಕುವುದಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಹಾಕಿದ ಕೈ ಆ ಉದ್ದೇಶಕ್ಕೆ ಬೇಕಾದಷ್ಟೇ ಉದ್ದವಿರಬೇಕು.

ಆಧಾರ್ ಏನಾಯಿತು ಅಂತೀರಾ? 2018ರಲ್ಲಿ ಬಹುಮತದಿಂದ ಉಳಿಯಿತು. ಸಿಮ್‌ಗೂ ಬ್ಯಾಂಕ್ ಖಾತೆಗೂ ಅದು ಕಡ್ಡಾಯವಲ್ಲ ಎಂದಾಯಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು.

'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಅಂತ ನಮ್ಮ ಗಾದೆ. ಖಾಸಗಿತನದ ಹಕ್ಕಿನ ಪ್ರಕಾರ ವ್ಯಾಧಿಯೂ ಗುಟ್ಟೇ, ಹೇಳುವುದು ಬಿಡುವುದು ರೋಗಿಗೆ ಸೇರಿದ್ದು. ಅದು ಸರಿ. ಆದರೆ ಕಚೇರಿಯ ಕಡತವೂ ಗುಟ್ಟು ಎಂದರೆ? ಇಲ್ಲಿಯವರೆಗೆ ಗುಟ್ಟು ಮಾತನ್ನು ಕಾಯುತ್ತಿತ್ತು. ಈಗ ಗುಟ್ಟೇ ಮಾತಿಗೆ ಅಡ್ಡ ನಿಲ್ಲುವ ಹಾಗೆ ಕಾಣುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ದತ್ತಾಂಶ ಕಾಯಲೆಂದು ಬಂದದ್ದು. ಅದರ ಕೊನೆಯ ಭಾಗದಲ್ಲಿ ಮಾಹಿತಿ ಹಕ್ಕು ಕಾಯ್ದೆಗೆ ಒಂದು ತಿದ್ದುಪಡಿ ಕೂತಿದೆ. ಮೊದಲು 8(1)(ಜೆ) ಪ್ರಕಾರ, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಇಲ್ಲವೇ ಒಬ್ಬರ ಖಾಸಗಿತನಕ್ಕೆ ಅನಗತ್ಯವಾಗಿ ಕೈ ಹಾಕುವ ವೈಯಕ್ತಿಕ ಮಾಹಿತಿಯನ್ನಷ್ಟೇ ತಡೆಯಬಹುದಿತ್ತು. ಈಗ 'ವೈಯಕ್ತಿಕ ಮಾಹಿತಿ' ಎಂದರೆ ಸಾಕು.

ಪಂಚಾಯಿತಿಯಲ್ಲಿ ಆಶ್ರಯ ಮನೆಗಳ ಫಲಾನುಭವಿ ಪಟ್ಟಿ ಕೇಳುತ್ತೀರಿ ಅಂತಿಟ್ಟುಕೊಳ್ಳಿ. ಈಗಾಗಲೇ ತಾರಸಿ ಮನೆ ಇರುವವರ ಹೆಸರೂ ಅದರಲ್ಲಿದೆ ಎಂದು ಊರಿಗೆಲ್ಲ ಗೊತ್ತು, ಕಾಗದ ಬೇಕು ಅಷ್ಟೆ. ಪಟ್ಟಿಯಲ್ಲಿರುವುದು ಹೆಸರು, ಹೆಸರು ವೈಯಕ್ತಿಕ ಮಾಹಿತಿ, ಅರ್ಜಿ ವಜಾ, ಎಂಬ ಹಿಂಬರಹ ಬರಬಹುದು. ಅಮ್ಮ ಅಗುಳು ಮೆತ್ತಿ ಕಾಯ್ದದ್ದು ಮಗಳ ಕಷ್ಟವನ್ನು. ಅದೇ ಅಗುಳನ್ನು ಕಚೇರಿಯವರು ಕಡತಕ್ಕೆ ಮೆತ್ತಿದರೆ ನನಗೆ ಸಹಿಸುವುದಿಲ್ಲ.

ಒಂದು ದಾರಿ ಉಳಿದಿದೆ. ಮಾಹಿತಿ ಹಕ್ಕು ಕಾಯ್ದೆಯ 8(2)ನ್ನು ಯಾರೂ ಮುಟ್ಟಿಲ್ಲ: ಮಾಹಿತಿ ಕೊಡುವುದರಿಂದ ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು. ನೀವು ಅರ್ಜಿ ಬರೆಯುವಾಗ ಆ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ನಮೂದಿಸಿ, ಇದರಲ್ಲಿ ಊರಿನ ಹಿತ ಏನಿದೆ ಎಂಬುದನ್ನು ಎರಡು ವಾಕ್ಯದಲ್ಲಿ ಬರೆಯಿರಿ. ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ನಮಸ್ಕಾರ.