ತೋಟದ ಜೀಪಿಗೆ ರೀಬಟನ್ ಟೈರ್ ಹಾಕಿಸಬಹುದಾ?

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಹತ್ತಿರ ಬಂತು. ತೋಟದ ಜೀಪಿನ ಟೈರ್ ಸವೆದಿದ್ದವರಿಗೆ ಈಗ ಒಂದೇ ಚಿಂತೆ. ಹೊಸದು ಹಾಕಿಸುವುದಾ, ಸವೆದ ಟೈರಿಗೇ ಹೊಸ ರಬ್ಬರ್ ಕೂರಿಸಿ ರೀಬಟನ್ ಮಾಡಿಸುವುದಾ?

ರೀಬಟನ್ ಅಂದರೆ ಕಳಪೆ ಅಂತ ಸುಮ್ನೆ ತಳ್ಳಿಹಾಕಬೇಡಿ. ನಮ್ಮ ಕೆಎಸ್‌ಆರ್‌ಟಿಸಿ ಬಸ್ಸುಗಳೂ ಇಂಥ ಟೈರುಗಳಲ್ಲಿ ಓಡುತ್ತವೆ. ವಿಮಾನದ ಟೈರಿಗೂ ಹಲವು ಸಲ ಹೊಸ ರಬ್ಬರ್ ಕೂರಿಸುತ್ತಾರೆ. ಸವೆದ ಮೇಲ್ಪದರವನ್ನು ಉಜ್ಜಿ ತೆಗೆದು, ಹೊಸ ಪಟ್ಟಿ ಅಂಟಿಸಿ, ಬಿಸಿ ಮತ್ತು ಒತ್ತಡ ಕೊಟ್ಟು ಬೇಯಿಸುತ್ತಾರೆ, ಅಷ್ಟೆ. ಖರ್ಚು ಹೊಸ ಟೈರಿನ ಅರ್ಧಕ್ಕಿಂತ ಕಡಿಮೆಯಲ್ಲೇ ಮುಗಿಯುವುದುಂಟು.

ಆದರೆ ಹೊಸದಾಗುವುದು ನೆಲಕ್ಕೆ ತಾಗುವ ಭಾಗ ಮಾತ್ರ. ಪಕ್ಕದ ಗೋಡೆ ಹಳೆಯದೇ. ನಮ್ಮ ತೋಟದ ದಾರಿಯಲ್ಲಿ ಪೆಟ್ಟು ಬೀಳುವುದು ಎಲ್ಲಿಗೆ? ಚೂಪು ಕಲ್ಲು, ಕಾಫಿ ಗಿಡದ ಕಡಿದ ಬುಡ, ಚರಂಡಿಯ ಅಂಚು, ಎಲ್ಲ ತಾಗುವುದು ಆ ಪಕ್ಕಕ್ಕೇ ಅಲ್ವಾ? ಕೆಸರಲ್ಲಿ ಹಿಡಿತ ಸಿಗಲಿ ಅಂತ ಗಾಳಿ ಕಡಿಮೆ ಮಾಡಿದರಂತೂ ಅದು ಇನ್ನೂ ಉಬ್ಬಿ ಹೊರಗೆ ಬರುತ್ತದೆ.

ಕೆಲವು ವರ್ಷದ ಹಿಂದೆ ನಾನು ಅಂಗಡಿಯೊಂದರಿಂದ ರೆಡಿ ಇದ್ದ ರೀಬಟನ್ ಟೈರ್ ತಂದೆ. ಬಟನ್, ಅಂದರೆ ನೆಲಕ್ಕೆ ತಾಗುವ ಉಬ್ಬುಗಳ ನಡುವಿನ ಗೆರೆ, ಆಳವಾಗಿತ್ತು, ಕಪ್ಪಗೆ ಮಿಂಚುತ್ತಿತ್ತು. ತೋಟದಲ್ಲಿ ಒಂದು ಮಳೆಗಾಲ ಚೆನ್ನಾಗೇ ಓಡಿತು. ಏಪ್ರಿಲ್ ಬಿಸಿಲಲ್ಲಿ ಅಮ್ಮನನ್ನು ಕೂರಿಸಿಕೊಂಡು ಮೈಸೂರಿಗೆ ಹೊರಟೆ. ಕುಶಾಲನಗರ ದಾಟಿ ವೇಗ ಹಿಡಿದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ದಬದಬ ಸದ್ದು. ಇಳಿದು ನೋಡಿದರೆ ಮೇಲಿನ ರಬ್ಬರ್ ಅರ್ಧ ಸುತ್ತು ಎದ್ದು ಬಂದಿತ್ತು. ಮಡ್‌ಗಾರ್ಡ್ ಬಡಿದು ಬಡಿದು ಬಗ್ಗಿತ್ತು. ಇದೇ ಟೈರ್ ಮುಂದಿನ ಚಕ್ರದಲ್ಲಿದ್ದಿದ್ದರೆ? ಆ ಯೋಚನೆ ಬಂದರೆ ಈಗಲೂ ಕೈ ನಡುಗುತ್ತದೆ.

ಆಮೇಲೆ ಟೈರಿನ ಪಕ್ಕದ ನಾಲ್ಕು ಅಂಕಿ ಓದಿದೆ. ಅಲ್ಲಿ 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು ಅಂತ ಅರ್ಥ. ನನ್ನ ಟೈರಿಗೆ ಹತ್ತು ವರ್ಷ ದಾಟಿತ್ತು. ಕೊಳ್ಳುವ ಮೊದಲೇ ಓದಬೇಕಿತ್ತು.

ಕೊಡಗಿನವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿ ಇರುತ್ತದೆ. ಮೊಳೆ ಚುಚ್ಚಿದ ತೂತಿನಿಂದ ನೀರು ಇಳಿದರೆ ಆ ತಂತಿ ತುಕ್ಕು ಹಿಡಿಯುತ್ತದೆ. ಇಲ್ಲಿನ ಮಳೆಯಲ್ಲಿ ತಿಂಗಳುಗಟ್ಟಲೆ ನೆಂದ ಟೈರ್ ಹೊರಗಿನಿಂದ ಗಟ್ಟಿ ಕಂಡರೂ ಒಳಗೆ ಸೋತಿರಬಹುದು. ಹಾಗಾಗಿ ಟೈರ್ ಬಿಚ್ಚಿಸಿ, ಒಳಗೆ ಕೈ ಆಡಿಸಿ ನೋಡಿ. ಹಳೆ ಜೀಪಿನ 6.00-16 ಅಳತೆಯ, ಒಳಗೆ ನೈಲಾನ್ ನೂಲಿರುವ ಟೈರಿಗೆ ಈ ತುಕ್ಕಿನ ಕಾಟ ಇಲ್ಲ.

ನನ್ನನ್ನು ಕೇಳಿದರೆ, ಕಣದಿಂದ ಗೋದಾಮಿಗೆ ಕಾಫಿ ಮೂಟೆ ಹೊರುವ, ಲೈನ್ ಮನೆಯಿಂದ ಕೆಲಸದವರನ್ನು ಕರೆತರುವ ಜೀಪಿಗೆ ರೀಬಟನ್ ಧಾರಾಳ ಸಾಕು. ಅದೂ ಹಿಂದಿನ ಚಕ್ರಕ್ಕೆ. ಮಾಂದಲಪಟ್ಟಿ ಬೆಟ್ಟಕ್ಕೆ ಜನರನ್ನು ಹತ್ತಿಸುವ ಗಾಡಿಗೆ, ಸಂಪಾಜೆ ಘಾಟಿ ಇಳಿಯುವ ಗಾಡಿಗೆ ಮುಂದಿನ ಚಕ್ರದಲ್ಲಿ ಹೊಸ ಟೈರೇ ಇರಲಿ.

ಮಾಡಿಸುವುದಾದರೆ ನಿಮ್ಮದೇ ಟೈರ್ ಕೊಟ್ಟು ಮಾಡಿಸಿ. ಅದು ಎಲ್ಲೆಲ್ಲಿ ಪೆಟ್ಟು ತಿಂದಿದೆ ಅಂತ ನಿಮಗೆ ಗೊತ್ತಿರುತ್ತದೆ. ನೂಲು ಕಾಣುವ ತನಕ ಸವೆಸಬೇಡಿ, ಆಮೇಲೆ ರಬ್ಬರ್ ಕೂರಿಸಲು ಏನೂ ಉಳಿದಿರುವುದಿಲ್ಲ. ಮರಳಿ ಬಂದಾಗ ಹೊಸ ಪಟ್ಟಿಯ ಅಂಚಿನ ಸುತ್ತ ಉಗುರು ಆಡಿಸಿ. ಎಲ್ಲಾದರೂ ಉಗುರು ಒಳಗೆ ಹೋದರೆ ಆ ಟೈರನ್ನು ಅಲ್ಲೇ ವಾಪಸ್ ಕೊಡಿ.

ನಮಸ್ಕಾರ.