ಕುರ್ಟ್ ಗೆರೋನ್: ನಟ, ನಿರ್ದೇಶಕ, ಬಂದಿ

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ನಟ ಮತ್ತು ಚಿತ್ರನಿರ್ದೇಶಕ ಕುರ್ಟ್ ಗೆರೋನ್ ಅವರ ಹೆಸರು ಇಂದು ಎಲ್ಲಿಯಾದರೂ ಕೇಳಿಬಂದರೆ, ಅದು ಬಹುಮಟ್ಟಿಗೆ 1944ರಲ್ಲಿ ನಾಜಿಗಳ ಬಂದಿಯಾಗಿದ್ದಾಗ ಅವರು ಚಿತ್ರೀಕರಿಸಿದ ಒಂದು ಪ್ರಚಾರಚಿತ್ರದ ಕಾರಣಕ್ಕೆ. ಆ ಚಿತ್ರದ ವಿಚಾರಕ್ಕೆ ನಾನೂ ಬರಲೇಬೇಕು. ಆದರೆ ಎರಡು ದಶಕಗಳಿಗೂ ಮಿಕ್ಕಿದ ಕಲಾಜೀವನವನ್ನು ಅದರ ಕೊನೆಯ ಕೆಲವು ವಾರಗಳಿಂದಲೇ ಅಳೆಯುವುದು ನ್ಯಾಯವಲ್ಲವೆಂದು ನನಗೆ ತೋರುವುದರಿಂದ, ಮೊದಲಿನಿಂದಲೇ ಆರಂಭಿಸುತ್ತೇನೆ.

1897ರ ಮೇ 11ರಂದು ಬರ್ಲಿನ್ನಿನ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಅವರ ಮೂಲ ಹೆಸರು ಕುರ್ಟ್ ಗೆರ್ಸೋನ್. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಹೋರಾಡಿ ತೀವ್ರವಾಗಿ ಗಾಯಗೊಂಡರು. ವೈದ್ಯಶಾಸ್ತ್ರದ ಓದಿಗೆ ತೊಡಗಿದ್ದವರು 1920ರ ಹೊತ್ತಿಗೆ ಅದನ್ನು ಬಿಟ್ಟು ರಂಗಭೂಮಿಗೆ ಬಂದರು. ಅವರದು ದಢೂತಿ ದೇಹ, ತುಂಬಿದ ಮುಖ. ಪ್ರಣಯನಾಯಕನ ಪಾತ್ರ ಅವರನ್ನು ಹುಡುಕಿಕೊಂಡು ಬರುವಂತಿರಲಿಲ್ಲ. ಹಾಡು, ವಿಡಂಬನೆ ಮತ್ತು ಅಂದಿನ ರಾಜಕೀಯದ ಮೇಲಿನ ಚುರುಕು ಮಾತು ಬೆರೆತ ಬರ್ಲಿನ್ನಿನ ಕ್ಯಾಬರೆಯಲ್ಲಿ, ಅದೇ ದೇಹವನ್ನು ಬಂಡವಾಳವಾಗಿಸಿಕೊಂಡು ಅವರು ಜನಪ್ರಿಯರಾದರು. ಮೂಕಿ ಚಿತ್ರಗಳಲ್ಲಿ ಠಕ್ಕ, ಹೋಟೆಲಿನ ಯಜಮಾನ, ಕುಟಿಲ ಶ್ರೀಮಂತ ಮುಂತಾದ ಪಾತ್ರಗಳು ಸಾಲುಸಾಲಾಗಿ ಬಂದವು.

1928ರ ಆಗಸ್ಟ್ 31ರಂದು ಬರ್ಲಿನ್ನಿನ ಶಿಫ್‌ಬವರ್‌ಡಾಮ್ ರಂಗಮಂದಿರದಲ್ಲಿ ನಾಟಕಕಾರ ಬ್ರೆಖ್ಟ್ ಮತ್ತು ಸಂಗೀತಕಾರ ಕುರ್ಟ್ ವೈಲ್ ಅವರ ನಾಟಕವೊಂದು ಮೊದಲ ಪ್ರದರ್ಶನ ಕಂಡಿತು. ಕನ್ನಡದಲ್ಲಿ 'ಮೂರು ಕಾಸಿನ ಸಂಗೀತ ನಾಟಕ' ಎಂದು ರಂಗಾಸಕ್ತರಿಗೆ ಪರಿಚಿತವಾಗಿರುವ ಕೃತಿಯೇ ಅದು. ಲಂಚಕೋರ ಪೊಲೀಸ್ ಅಧಿಕಾರಿ ಟೈಗರ್ ಬ್ರೌನ್‌ನ ಪಾತ್ರವನ್ನು ವಹಿಸಿದ ಗೆರೋನ್, ಬೀದಿಗಾಯಕನಾಗಿಯೂ ರಂಗಕ್ಕೆ ಬಂದು, ನಾಟಕದ ಪಾತಕಿ ನಾಯಕ ಮ್ಯಾಕಿಯನ್ನು ಕುರಿತ, ಮುಂದೆ ಜಗತ್ಪ್ರಸಿದ್ಧವಾದ ಹಾಡನ್ನು ಪ್ರೇಕ್ಷಕರಿಗೆ ಮೊತ್ತಮೊದಲು ಕೇಳಿಸಿದರು.

ಎರಡು ವರ್ಷಗಳ ತರುವಾಯ, ಯೋಸೆಫ್ ಫಾನ್ ಸ್ಟರ್ನ್‌ಬರ್ಗ್ ಅವರ 'ನೀಲಿ ದೇವತೆ' ಚಿತ್ರದಲ್ಲಿ ಅವರು ಅಲೆಮಾರಿ ತಂಡವೊಂದರ ಒಡೆಯನಾದ ಜಾದೂಗಾರ ಕೀಪರ್ಟ್ ಆದರು. ಮಾರ್ಲೀನ್ ಡೀಟ್ರಿಚ್ ಅವರನ್ನು ತಾರೆಯಾಗಿಸಿದ ಚಿತ್ರವಿದು. ಹಾಡುಗಾತಿಯ ಮೋಹಕ್ಕೆ ಬಿದ್ದು ಮಾನ, ಕೆಲಸ ಎರಡನ್ನೂ ಕಳೆದುಕೊಂಡ ಪ್ರಾಧ್ಯಾಪಕನಿಗೆ ವಿದೂಷಕನ ವೇಷ ತೊಡಿಸಿ, ಅವನದೇ ಊರಿನ ಜನರೆದುರು ಅವನ ತಲೆಯ ಮೇಲೆ ಮೊಟ್ಟೆ ಒಡೆದು, ಕೋಳಿಯಂತೆ ಕೂಗೆಂದು ಪೀಡಿಸುವವನು ಈ ಕೀಪರ್ಟ್. ಗೆರೋನ್ ಅವನನ್ನು ರಾಕ್ಷಸನಂತೆ ಚಿತ್ರಿಸುವುದಿಲ್ಲ. ಟಿಕೆಟ್ಟು ಮಾರಾಟವಾಗಿದೆ, ಆಟ ನಡೆಯಲೇಬೇಕು ಎನ್ನುವ ವ್ಯಾಪಾರಿಯ ಸಹಜ ಧಾಟಿಯಲ್ಲಿಯೇ ಆ ಕ್ರೌರ್ಯವನ್ನು ನಡೆಸುತ್ತಾರೆ. ಇಂದು ನೋಡಿದರೂ ಮೈ ಜುಂ ಎನ್ನುವುದು ಅದಕ್ಕೇ.

ಅದೇ 1930ರಲ್ಲಿ ಪೆಟ್ರೋಲ್ ಬಂಕ್ ನಡೆಸುವ ಮೂವರು ಗೆಳೆಯರ ಸಂಗೀತಮಯ ಹಾಸ್ಯಚಿತ್ರದಲ್ಲಿ ವಕೀಲರಾದರು. ಬಳಿಕ ಜರ್ಮನಿಯ ಅತಿದೊಡ್ಡ ಚಿತ್ರಸಂಸ್ಥೆ ಉಫಾಗೆ ನಿರ್ದೇಶಕರಾಗಿ, 1932ರಲ್ಲಿ ಹಾನ್ಸ್ ಆಲ್ಬರ್ಸ್ ಮತ್ತು ಪೀಟರ್ ಲೋರೆ ನಟಿಸಿದ, ಮಾದಕದ್ರವ್ಯದ ಜಾಲವನ್ನು ಕುರಿತ 'ಬಿಳಿಯ ಪಿಶಾಚಿ' ಚಿತ್ರವನ್ನು ತೆಗೆದರು. ಉಳಿದವು ಹೆಚ್ಚಾಗಿ ಹಗುರವಾದ ಹಾಸ್ಯಚಿತ್ರಗಳು. ಅವನ್ನು ಮಹಾಕೃತಿಗಳೆಂದು ನಾನು ಹೇಳಲಾರೆ.

1933ರ ಏಪ್ರಿಲ್ 1ರಂದು, ನಾಜಿಗಳು ಯೆಹೂದಿ ಬಹಿಷ್ಕಾರಕ್ಕೆ ಕರೆಕೊಟ್ಟ ದಿನ, ತಾವೇ ನಿರ್ದೇಶಿಸುತ್ತಿದ್ದ ಚಿತ್ರದ ಸೆಟ್ಟಿನಿಂದ ಗೆರೋನ್ ಅವರನ್ನು ಹೊರಗೆ ಕಳುಹಿಸಲಾಯಿತು. ಪ್ಯಾರಿಸ್, ವಿಯೆನ್ನಾಗಳನ್ನು ಹಾದು ಆಮ್‌ಸ್ಟರ್‌ಡಾಮ್ ಸೇರಿದ ಅವರು, ಪರಭಾಷೆಯಾದ ಡಚ್ಚಿನಲ್ಲಿಯೂ 1935ರಿಂದ 1937ರವರೆಗೆ ಚಿತ್ರಗಳನ್ನು ನಿರ್ದೇಶಿಸಿದರು. ಲೋರೆ ಮತ್ತು ಡೀಟ್ರಿಚ್ ಹಾಲಿವುಡ್ ಸೇರಿದ್ದರು. ಗೆರೋನ್ ಯುರೋಪಿನಲ್ಲಿಯೇ ಉಳಿದರು. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ನೆದರ್ಲೆಂಡ್ಸನ್ನು ಆಕ್ರಮಿಸಿತು. ಅದೇ ವರ್ಷ ತೆರೆಕಂಡ ಯೆಹೂದಿದ್ವೇಷದ ನಾಜಿ ಚಿತ್ರವೊಂದರಲ್ಲಿ ಗೆರೋನ್ ಅವರ ಹಳೆಯ ಚಿತ್ರಗಳ ತುಣುಕುಗಳನ್ನು ಸೇರಿಸಿ, ಆ ಮುಖವನ್ನೇ ನಿಂದೆಯ ಸರಕಾಗಿ ಬಳಸಿಕೊಂಡರು.

ಯೆಹೂದಿ ಕಲಾವಿದರು ಯೆಹೂದಿ ಪ್ರೇಕ್ಷಕರಿಗೆ ಮಾತ್ರ ಆಡಬಹುದೆಂಬ ನಿಯಮದಡಿ ಆಮ್‌ಸ್ಟರ್‌ಡಾಮಿನ ರಂಗಮಂದಿರವೊಂದರಲ್ಲಿ ಅವರು ಕೆಲಕಾಲ ದುಡಿದರು. 1942ರಲ್ಲಿ ಆ ಮಂದಿರವೇ, ಗಡೀಪಾರಾಗುವವರನ್ನು ಕೂಡಿಹಾಕುವ ತಾಣವಾಯಿತು. ಗೆರೋನ್ ದಂಪತಿಗಳನ್ನು 1943ರಲ್ಲಿ ನೆದರ್ಲೆಂಡ್ಸಿನ ವೆಸ್ಟರ್‌ಬೋರ್ಕ್ ಶಿಬಿರಕ್ಕೂ, 1944ರ ಫೆಬ್ರವರಿಯಲ್ಲಿ ಪ್ರಾಗ್‌ನ ಉತ್ತರಕ್ಕಿರುವ ತೆರೇಜಿಯನ್‌ಸ್ಟಾಟ್ ಎಂಬ ಕೋಟೆಯೂರಿಗೂ ಒಯ್ದರು. ಯುದ್ಧಕಾಲದಲ್ಲಿ ಸುಮಾರು 1,40,000 ಯೆಹೂದಿಗಳನ್ನು ಈ ಊರಿಗೆ ತಳ್ಳಲಾಗಿತ್ತು. ಸುಮಾರು 33,000 ಮಂದಿ ಹಸಿವು, ರೋಗಗಳಿಂದ ಅಲ್ಲಿಯೇ ಸತ್ತರು. ಆ ನಡುವೆಯೂ ಗೆರೋನ್ 'ಕರುಸೆಲ್' ಎಂಬ ಕ್ಯಾಬರೆಯನ್ನು ಕಟ್ಟಿ ಬಂದಿಗಳನ್ನು ನಗಿಸಿದರು.

1944ರ ಜೂನ್ 23ರಂದು ಅಂತಾರಾಷ್ಟ್ರೀಯ ರೆಡ್‌ಕ್ರಾಸ್‌ನ ಪ್ರತಿನಿಧಿ ಆ ಊರಿಗೆ ಬರಲಿದ್ದುದರಿಂದ ಗೋಡೆಗಳಿಗೆ ಬಣ್ಣ ಬಳಿದು, ಹೂಗಿಡ ನೆಟ್ಟು, ಜನದಟ್ಟಣೆ ಕಾಣಬಾರದೆಂದು ಸುಮಾರು 7,500 ಮಂದಿಯನ್ನು ಮೊದಲೇ ಆಶ್‌ವಿಟ್ಜ್ ಎಂಬ ಸಾಮೂಹಿಕ ಕೊಲೆಯ ಶಿಬಿರಕ್ಕೆ ಸಾಗಿಸಲಾಗಿತ್ತು. ಭೇಟಿ ನಾಜಿಗಳು ಬಯಸಿದಂತೆಯೇ ನಡೆಯಿತು. ಬಂದಿಗಳು ಇಲ್ಲಿ ನೆಮ್ಮದಿಯಾಗಿದ್ದಾರೆಂಬ ಅದೇ ಸುಳ್ಳನ್ನು ಚಿತ್ರವಾಗಿಸಲು ಶಿಬಿರದ ಅಧಿಕಾರಿಗಳು ಗೆರೋನ್ ಅವರನ್ನು ನೇಮಿಸಿದರು. ಆಗಸ್ಟ್ 16ರಿಂದ ಸೆಪ್ಟೆಂಬರ್ 11ರವರೆಗೆ, ಪ್ರಾಗ್‌ನ ವಾರ್ತಾಚಿತ್ರ ಸಂಸ್ಥೆಯ ಛಾಯಾಗ್ರಾಹಕರೊಡನೆ, ನಾಜಿಗಳ ಎಸ್‌ಎಸ್ ಪಡೆಯ ಕಾವಲಿನಲ್ಲಿ ಚಿತ್ರೀಕರಣ ಸಾಗಿತು: ಫುಟ್ಬಾಲ್ ಪಂದ್ಯ, ಗ್ರಂಥಾಲಯ, ಸಹಬಂದಿ ಹಾನ್ಸ್ ಕ್ರಾಸಾ ಅವರ ಮಕ್ಕಳ ಸಂಗೀತನಾಟಕ, ಬಂದಿಗಳೇ ಆಗಿದ್ದ ಕಾರೆಲ್ ಆಂಚೆರ್ಲ್ ನಿರ್ದೇಶನದಲ್ಲಿ ಪಾವೆಲ್ ಹಾಸ್ ಅವರ ರಚನೆಯನ್ನು ನುಡಿಸುವ ವಾದ್ಯಗೋಷ್ಠಿ.

ಗೆರೋನ್ ಅವರು ಈ ಕೆಲಸವನ್ನು ಒಪ್ಪಿಕೊಂಡದ್ದು ತಪ್ಪೆಂದು ಅಂದಿನ ಸಹಬಂದಿಗಳಲ್ಲಿಯೇ ಹಲವರು ಭಾವಿಸಿದ್ದರು. ಅವರ ಕೋಪವನ್ನು ಅಲ್ಲಗಳೆಯುವ ಹಕ್ಕು ನಮಗಿಲ್ಲ. ಆದರೆ ನಿರಾಕರಿಸಿದ್ದರೆ ಆಗುತ್ತಿದ್ದುದು ಏನೆಂಬುದು ಬಂದಿಗೆ ಚೆನ್ನಾಗಿ ತಿಳಿದಿರುತ್ತದೆ. ಏನನ್ನು ತೋರಿಸಬೇಕೆಂಬ ಅಂತಿಮ ಮಾತು ಅವರ ಕೈಯಲ್ಲಿರಲಿಲ್ಲ. ಸಂಕಲನ ಮುಗಿದದ್ದಂತೂ ಅವರ ಸಾವಿನ ನಂತರ, 1945ರ ಮಾರ್ಚಿನಲ್ಲಿ. ಕಸುಬು ಅವರದೆಂಬುದು ನಿಜ. ಅಷ್ಟರಿಂದಲೇ ಆ ಸುಳ್ಳಿನ ಕರ್ತೃತ್ವವನ್ನು ಅವರಿಗೆ ಹೊರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಚಿತ್ರೀಕರಣ ಮುಗಿದ ಎರಡೂವರೆ ವಾರಗಳಿಗೆ, ಸೆಪ್ಟೆಂಬರ್ 28ರಂದು, ಗಡೀಪಾರಿನ ರೈಲುಗಳು ಮತ್ತೆ ಹೊರಟವು. ಒಂದೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಮಂದಿ ಆಶ್‌ವಿಟ್ಜ್‌ಗೆ ಹೋದರು. ಕ್ರಾಸಾ ಮತ್ತು ಹಾಸ್ ಅಲ್ಲಿ ಕೊಲೆಯಾದರು. ಆಂಚೆರ್ಲ್ ಬದುಕುಳಿದು, ಮುಂದೆ ಚೆಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಮುಖ್ಯಸ್ಥರಾದರು. ಅಕ್ಟೋಬರ್ 28ರಂದು ಹೊರಟ ಕೊನೆಯ ರೈಲಿನಲ್ಲಿ ಗೆರೋನ್ ಮತ್ತು ಅವರ ಪತ್ನಿ ಓಲ್ಗಾ ಇದ್ದರು. ಆಶ್‌ವಿಟ್ಜ್ ತಲುಪುತ್ತಲೇ, 47ನೆಯ ವಯಸ್ಸಿನಲ್ಲಿ, ವಿಷಾನಿಲದ ಕೋಣೆಯಲ್ಲಿ ಅವರ ಕೊಲೆಯಾಯಿತು. ಕೆಲವೇ ದಿನಗಳಲ್ಲಿ ಆ ಕೋಣೆಗಳ ಬಳಕೆ ನಿಂತಿತು.

ಜರ್ಮನಿಯ ಸೋಲು ಹತ್ತಿರವಾಗಿದ್ದುದರಿಂದ ಚಿತ್ರವನ್ನು ಬೆರಳೆಣಿಕೆಯ ಮಂದಿಗಷ್ಟೇ ತೋರಿಸಲು ಸಾಧ್ಯವಾಯಿತು. ಇಂದು ಅದರಲ್ಲಿ ಉಳಿದಿರುವುದು ಸುಮಾರು 20 ನಿಮಿಷಗಳ ತುಣುಕುಗಳು ಮಾತ್ರ. ಕಳೆದುಹೋದ ಭಾಗಗಳಲ್ಲಿ ಏನಿತ್ತೆಂಬುದನ್ನು ಇತಿಹಾಸಕಾರರು ಗೆರೋನ್ ಬರೆದಿಟ್ಟ ಟಿಪ್ಪಣಿಗಳಿಂದಲೂ, ಸಹಬಂದಿಯಾಗಿದ್ದ ಡಚ್ ಚಿತ್ರಕಾರ ಯೋ ಸ್ಪೀರ್ ಚಿತ್ರೀಕರಣದ ವೇಳೆ ಬರೆದ ರೇಖಾಚಿತ್ರಗಳಿಂದಲೂ ತಿಳಿದುಕೊಂಡಿದ್ದಾರೆ.

ನಮಸ್ಕಾರ.