ಮೊದಲು ಚೇಂಬರ್ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಮಳೆ ಹಿಡಿದರೆ ಸಾಕು, ನನಗೆ ಫೋನ್ ಬರುವುದು ಒಂದೇ ವಿಷಯಕ್ಕೆ. ಬಾತ್‌ರೂಮಿನಲ್ಲಿ ನೀರು ನಿಂತಿದೆ, ಕೊಳೆನೀರಿನ ಲೈನ್ ಕಟ್ಟಿಕೊಂಡಿದೆ, ಬೇಗ ಬನ್ನಿ. ಚೇಂಬರ್, ಅಂದರೆ ಆ ಲೈನಿನ ಮಧ್ಯೆ ಮಧ್ಯೆ ಇರುವ ಗುಂಡಿ, ಅದರ ಮುಚ್ಚಳ ತೆಗೆದು ನೋಡಿದಿರಾ ಅಂತ ಕೇಳುತ್ತೇನೆ. ಇಲ್ಲ, ಆಸಿಡ್ ಹಾಕಿದೆವು ಅನ್ನುತ್ತಾರೆ!

ಮೊದಲು ಚೇಂಬರ್ ನೋಡಿ. ಮನೆ ಹೊರಗಿನ ಮೊದಲನೇ ಚೇಂಬರ್ ಖಾಲಿ ಇದ್ದರೆ ತೊಂದರೆ ಇರುವುದು ಮನೆಗೂ ಅದಕ್ಕೂ ನಡುವೆ. ತುಂಬಿದ್ದರೆ ಅದರಿಂದ ಮುಂದೆ, ಪಿಟ್ ಅಂದರೆ ಕೊಳೆನೀರು ಹೋಗಿ ಸೇರುವ ಗುಂಡಿ, ಅದರ ಕಡೆಗೆ. ತುಂಬಿದ್ದಕ್ಕೂ ಖಾಲಿ ಇದ್ದದ್ದಕ್ಕೂ ಮಧ್ಯೆ ಕಟ್ಟಿದೆ, ಅಷ್ಟೇ. ಇದಕ್ಕೆ ದುಡ್ಡು ಬೇಡ, ಒಂದು ಹಾರೆ ಸಾಕು.

ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬ ಮುಗಿದ ಮಾರನೇ ದಿನ ಗೋಣಿಕೊಪ್ಪದ ಹತ್ತಿರ ಒಂದು ಮನೆಗೆ ಹೋಗಿದ್ದೆ. ಮನೆ ತುಂಬ ನೆಂಟರು. ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಮಾಡಿದ ದೊಡ್ಡ ಪಾತ್ರೆಗಳನ್ನೆಲ್ಲ ಬಿಸಿನೀರು ಹಾಕಿ ಸಿಂಕಿನಲ್ಲೇ ತೊಳೆದಿದ್ದಾರೆ. ಬಿಸಿನೀರಲ್ಲಿ ಕೊಬ್ಬು ಕರಗಿ ಇಳಿಯುತ್ತದೆ, ಸರಿ, ಆದರೆ ನಮ್ಮ ಚಳಿಗೆ ಮಣ್ಣೊಳಗಿನ ಪೈಪಿನಲ್ಲಿ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಮನೆ ಯಜಮಾನರು ಆಗಲೇ ಬಾಟಲಿಗಟ್ಟಲೆ ಆಸಿಡ್ ಸುರಿದಿದ್ದರು. ಅವರ ಭಾವ ಬಿದಿರು ಸೀಳಿ ತುರುಕಿ, ಅದು ಬೆಂಡಿನಲ್ಲಿ ಮುರಿದು ಒಳಗೇ ಉಳಿದಿತ್ತು. ಚೇಂಬರ್ ಎಲ್ಲಿ ಅಂದರೆ ಎಲ್ಲರೂ ಮುಖ ಮುಖ ನೋಡಿಕೊಂಡರು! ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ಮುಚ್ಚಿಬಿಟ್ಟಿದ್ದಾರೆ. ಒಬ್ಬರು ಗೇಟಿನ ಹತ್ತಿರ ಅನ್ನುತ್ತಾರೆ, ಇನ್ನೊಬ್ಬರು ಬಾವಿ ಹತ್ತಿರ. ಕಡೆಗೆ ಸಿಕ್ಕಿದ್ದು ಆ ಮನೆ ಅಕ್ಕನ ಆಂಥೂರಿಯಂ ಹೂವಿನ ಕುಂಡಗಳ ಕೆಳಗೆ, ಆ ಕುಂಡ ಸರಿಸುವುದಕ್ಕೆ ಅವರನ್ನು ಒಪ್ಪಿಸುವುದೇ ಒಂದು ಕೆಲಸ ಆಯಿತು. ಮೊದಲನೆಯದು ತುಂಬಿತ್ತು, ಎರಡನೆಯದು ಒಣಗಿತ್ತು. ಒಣಗಿದ ಕಡೆಯಿಂದ ಮೇಲಕ್ಕೆ ಸ್ಪ್ರಿಂಗ್, ಅಂದರೆ ಪೈಪಿನೊಳಗೆ ಬಗ್ಗಿ ಹೋಗುವ ಉದ್ದ ತಂತಿ, ಬಿಟ್ಟು ತಿರುಗಿಸಿದೆ. ಕೊಬ್ಬು ಮೆತ್ತಿದ ಬೇರಿನ ಜಡೆ ಬಂತು! ಸಿಲ್ವರ್ ಓಕ್ ಮರದ ಬೇರು ಪೈಪಿನ ಜಾಯಿಂಟಿನಲ್ಲಿ ನುಗ್ಗಿತ್ತು, ಕೊಬ್ಬೆಲ್ಲ ಅದಕ್ಕೆ ಸಿಕ್ಕಿಕೊಂಡಿತ್ತು. ಅಷ್ಟು ಆಸಿಡ್ ಸುರಿದದ್ದು ಸುಮ್ನೆ ದಂಡ.

ಓಹೋ, ಟೈಮ್ ಆಯಿತು ಅಂತ ಒಳಗಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ರಬ್ಬರಿನ ಪಂಪು ಒಂದು ಸಿಂಕ್, ಒಂದು ಕಮೋಡ್‌ಗೆ ಮಾತ್ರ. ಉದ್ದ ಲೈನಿಗೆ ಸ್ಪ್ರಿಂಗ್, ಬೇರಿದ್ದರೆ ತುದಿಗೆ ಬ್ಲೇಡ್ ಇರುವ ಸ್ಪ್ರಿಂಗ್, ಕೊಬ್ಬು ಜಾಸ್ತಿ ಇದ್ದರೆ ಜೋರಾಗಿ ನೀರು ಹೊಡೆಯುವ ಜೆಟ್ಟಿಂಗ್ ಮಷಿನ್. ಆಸಿಡ್ ಹಾಕಿದ್ದರೆ ಬಂದವರಿಗೆ ಮೊದಲೇ ಹೇಳಿ, ನಮ್ಮ ಕಣ್ಣು ಉಳಿಯಲಿ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಹಾಕಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಪಿಟ್ ಒಳಗೆ ಯಾರನ್ನೂ ಇಳಿಸಬೇಡಿ, ಅಲ್ಲಿನ ಗಾಳಿ ಕುಡಿದರೆ ಜೀವ ಹೋಗುತ್ತದೆ. ರಕ್ಷಣೆ ಇಲ್ಲದೆ ಆಳನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾನೂನಿನಲ್ಲಿ ಅಪರಾಧ. ಪಿಟ್ ಖಾಲಿ ಮಾಡಲು ಕೊಳೆ ಎಳೆದುಕೊಳ್ಳುವ ಸಕ್ಕಿಂಗ್ ಗಾಡಿ ಕರೆಸಿ. ಮಾಡಿನ ಮಳೆನೀರನ್ನು ಈ ಲೈನಿಗೆ ಸೇರಿಸಿದ್ದರೆ ಇವತ್ತೇ ಬಿಡಿಸಿ, ಜುಲೈ ಮಳೆಗೆ ಯಾವ ಪಿಟ್ಟೂ ತಡೆಯುವುದಿಲ್ಲ.

ಫೋನ್ ಮಾಡುವವರು ಚೇಂಬರ್ ತೆಗೆದು ನೋಡಿ, ಆಮೇಲೆ ಮಾಡಿ. ನಮಸ್ಕಾರ.